ಒಂದೇ ಹೆಸರಿನ ಎರಡು ಫೋಟೋ

ಅವಳು ಅಂಗಡಿಯೊಳಗೆ ಕಾಲಿಟ್ಟಾಗ ಅವನು ತಲೆ ಎತ್ತದೆಯೇ, "ಎಷ್ಟು ಇಂಚು?" ಅಂದ.

"ಏನು?"

"ಫೋಟೋ. ಉದ್ದ ಎಷ್ಟು, ಅಗಲ ಎಷ್ಟು?"

"ನಾನು ಫೋಟೋ ತಂದಿಲ್ಲ."

"ಹಾಗಾದ್ರೆ ಕನ್ನಡಿಗೆ ಫ್ರೇಮಾ?" ಈಗ ತಲೆ ಎತ್ತಿದ. ಕಿವಿಯ ಮೇಲೆ ಪೆನ್ಸಿಲ್, ಹುಬ್ಬಿನ ಮೇಲೆ ಮರದ ಪುಡಿ. "ಕನ್ನಡಿ ಆದ್ರೆ ನೋಡೋರ ಮುಖಕ್ಕೆ ತಕ್ಕ ಹಾಗೆ..." ಅಂದವನು, ತಾನೇನು ಅನ್ನುತ್ತಿದ್ದೇನೆಂದು ತನಗೇ ಹೊಳೆದು ಅಲ್ಲಿಗೇ ನಿಲ್ಲಿಸಿದ. ಕಿವಿಯ ತುದಿ ಮೆಲ್ಲಗೆ ಕೆಂಪಾಯಿತು.

"ನಾನು ವೆಬ್‌ಸೈಟ್ ಮಾಡೋಳು. ನೀವೇ ಫೋನ್ ಮಾಡಿ ಬರೋಕೆ ಹೇಳಿದ್ದು."

ಹಿಂದಿನ ಮೇಜಿನ ಕಡೆಯಿಂದ ಯಾರೋ ನಕ್ಕರು. ಅವನ ಅಪ್ಪ. ಎದೆವರೆಗೂ ಬರುವ ದಪ್ಪ ಬಟ್ಟೆಯ ಏಪ್ರನ್ ಕಟ್ಟಿಕೊಂಡು, ಗಾಜಿನ ಹಾಳೆಯೊಂದರ ಮುಂದೆ ನಿಂತಿದ್ದರು. "ಕೂತ್ಕೊಳಮ್ಮ. ಬಂದೋರನ್ನೆಲ್ಲ ಅಳತೆ ಕೇಳೋದು ಇವನಿಗೆ ರೋಗ," ಅಂದು, ಕಟ್ಟರನ್ನು ಗಾಜಿನ ಮೇಲೆ ಒಂದೇ ಸಲ ಎಳೆದು, ಕೆಳಗಿನಿಂದ ಬೆರಳಲ್ಲಿ ಮೆಲ್ಲಗೆ ತಟ್ಟಿದರು. ಗಾಜು ದಾರ ಹಿಡಿದ ಹಾಗೆ ನೇರವಾಗಿ ಎರಡಾಯಿತು.

ಅಪ್ಪ ಮಗ ಇಬ್ಬರೇ ನಡೆಸುವ ಅಂಗಡಿ ಅದು. ಫೋಟೋ ಪ್ರಿಂಟ್ ಹಾಕಿ, ಫ್ರೇಮ್ ಕಟ್ಟಿ ಕೊಡುವುದು ಕೆಲಸ. ಗಿರಾಕಿಗಳು ಫೋಟೋಗಳನ್ನು ಮಗನ ಫೋನಿಗೆ ಕಳಿಸುತ್ತಿದ್ದರು. ಅವನ ಫೋನು ಊರವರ ಮಕ್ಕಳು, ಅಜ್ಜಿಯರು, ಬೆಕ್ಕುಗಳಿಂದ ತುಂಬಿ ತುಳುಕಿ, ಕರೆ ಬಂದರೂ ಎತ್ತಲಾಗದ ಸ್ಥಿತಿಗೆ ಬಂದಿತ್ತು. ಅಂಗಡಿಗೊಂದು ವೆಬ್‌ಸೈಟ್ ಇತ್ತು, ವಿಳಾಸ ಮತ್ತು ನಂಬರು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಗಿರಾಕಿ ಅಲ್ಲೇ ಫೋಟೋ ಅಪ್‌ಲೋಡ್ ಮಾಡಬೇಕು, ಅದು ಸೀದಾ ಅಂಗಡಿಯ ಕಂಪ್ಯೂಟರಿಗೆ ಬಂದು ಕೂರಬೇಕು. ಇಷ್ಟೇ ಕೆಲಸ.

ಇಷ್ಟೇ ಕೆಲಸಕ್ಕೆ ಅವಳು ಅಷ್ಟು ಸಲ ಅಂಗಡಿಗೆ ಹೋಗಬೇಕಾಗಿರಲಿಲ್ಲ.

ಅವಳು ಒಬ್ಬಳೇ ದುಡಿಯುವವಳು. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಟೈಲರ್ ಅಂಗಡಿಗೆ, ಹಲ್ಲಿನ ಡಾಕ್ಟರಿಗೆ, ಬೀಗ ರಿಪೇರಿಯವರಿಗೆ ಸೈಟು ಮಾಡಿಕೊಡುತ್ತಿದ್ದಳು. ಅವರಲ್ಲಿ ಎಷ್ಟೋ ಜನರ ಮುಖವನ್ನೇ ನೋಡಿರಲಿಲ್ಲ. ಆದರೆ ಈ ಅಂಗಡಿಯಲ್ಲಿ ಮಾತ್ರ ಏನಾದರೊಂದು ನೆಪ ಸಿಗುತ್ತಿತ್ತು.

"ದೊಡ್ಡ ಫೈಲ್ ಹಾಕಿದ್ರೆ ಸೈಟು ಏನನ್ನತ್ತೆ?" ಅಂತ ಅವನು ಕೇಳಿದ ಒಂದು ದಿನ.

"ಫೈಲ್ ಗಾತ್ರ ಮಿತಿಗಿಂತ ಹೆಚ್ಚಾಗಿದೆ ಅನ್ನತ್ತೆ."

"ಅಯ್ಯೋ, ಬೈದ ಹಾಗಿದೆ. ನಮ್ಮ ಗಿರಾಕಿಗಳು ಸೂಕ್ಷ್ಮ."

"ಮತ್ತೆ ಹೇಗೆ ಹೇಳ್ಬೇಕು?"

ಅವನು ಪೆನ್ಸಿಲಿನಿಂದ ಗಲ್ಲ ಕೆರೆದುಕೊಂಡ. "ಫೋಟೋ ಸ್ವಲ್ಪ ದಪ್ಪಗಿದೆ, ಬಾಗಿಲಲ್ಲಿ ಹಿಡೀತಿಲ್ಲ, ಅಂತ."

ಅವಳು ನಗದೇ ಇರಲು ನೋಡಿದಳು. ಆಗಲಿಲ್ಲ. ಅವನು ಅವಳ ನಗುವನ್ನೇ ನೋಡುತ್ತ ನಿಂತ, ಯಾವ ಅಳತೆಯನ್ನೂ ಕೇಳಲಿಲ್ಲ. ಅವಳು ಕಣ್ಣು ತಗ್ಗಿಸಿ ಕೀಬೋರ್ಡಿನ ಮೇಲಿಲ್ಲದ ಧೂಳನ್ನು ಒರೆಸಿದಳು.

ಅವನ ಅಪ್ಪ ಅವಳಿಗೆ ಕಂಪ್ಯೂಟರಮ್ಮ ಅಂತ ಹೆಸರಿಟ್ಟರು. "ಕಂಪ್ಯೂಟರಮ್ಮ ಬಂದ್ಲು, ಟೀ ಇಡೋ," ಅನ್ನುತ್ತಿದ್ದರು. ಗಿರಾಕಿಗಳು ಕಳಿಸಿದ ಫೋಟೋ ತೆರೆದು ಪ್ರಿಂಟ್ ಹಾಕುವ ಕೆಲಸವನ್ನು ತಾವೇ ಕಲಿಯುತ್ತೇನೆ ಅಂದಾಗ ಅವಳೇ ಪಕ್ಕದಲ್ಲಿ ಕೂತು ಹೇಳಿಕೊಟ್ಟಳು. ಅವರು ಮೌಸನ್ನು ಹಕ್ಕಿಮರಿ ಹಿಡಿದ ಹಾಗೆ ಹಿಡಿಯುತ್ತಿದ್ದರು.

ಸೈಟು ಶುರುವಾದ ದಿನ ಮೂರೂ ಜನ ಪರದೆಯ ಮುಂದೆ ಕೂತರು. ಯಾರೋ ತಮ್ಮ ಅವಳಿಜವಳಿ ಮಕ್ಕಳ ಫೋಟೋ ಹಾಕಿದರು. ಅದು ಅಂಗಡಿಯ ಕಂಪ್ಯೂಟರಿನಲ್ಲಿ ಬಂದು ಕೂತಾಗ ಅವನ ಅಪ್ಪ ಎದ್ದು ನಿಂತು ಏಪ್ರನ್ ಸರಿಮಾಡಿಕೊಂಡರು, ಮನೆಗೆ ನೆಂಟರು ಬಂದ ಹಾಗೆ. ಮೇಜಿನ ಅಂಚಿನಲ್ಲಿ ಅವನ ಮೊಣಕೈ ಅವಳ ಮೊಣಕೈಗೆ ತಾಗಿತ್ತು. ಇಬ್ಬರೂ ಸರಿಸಿಕೊಳ್ಳಲಿಲ್ಲ.

ತಪ್ಪಾಗಿದ್ದು ಅದಾದ ಮೇಲೆ, ಎಲ್ಲ ಚೆನ್ನಾಗಿ ನಡೆಯುತ್ತಿದ್ದಾಗ.

ನಿವೃತ್ತ ಟೀಚರೊಬ್ಬರು ತೀರಿಕೊಂಡ ಗಂಡನ ಫೋಟೋ ಅಪ್‌ಲೋಡ್ ಮಾಡಿದ್ದರು. ಹಾಲ್‌ನಲ್ಲಿ ಹಾಕಲು ದೊಡ್ಡ ಫ್ರೇಮು ಬೇಕೆಂದಿದ್ದರು. ಅವರ ಮನೆಗೆ ತಲುಪಿದ್ದು ಒಂದು ನಾಯಿಯ ಫೋಟೋ. ಒಳ್ಳೆಯ ಕರಿ ಮರದ ಫ್ರೇಮಿನಲ್ಲಿ, ನಾಲಿಗೆ ಚಾಚಿಕೊಂಡು, ಬಹಳ ಸಂತೋಷವಾಗಿ ಕೂತಿದ್ದ ನಾಯಿ.

ಟೀಚರ್ ಅಂಗಡಿಗೆ ಬಂದು ಕೂಗಾಡಲಿಲ್ಲ. ಫ್ರೇಮನ್ನು ಮೇಜಿನ ಮೇಲಿಟ್ಟು ಸುಮ್ಮನೆ ಅತ್ತರು. ಅಷ್ಟು ಸಾಕಾಗಿತ್ತು. ಕಂಪ್ಯೂಟರಿನಲ್ಲಿ ಹುಡುಕಿದರೆ ಅವರ ಗಂಡನ ಫೋಟೋ ಎಲ್ಲಿಯೂ ಇರಲಿಲ್ಲ. ಆ ಫೋಟೋದ ಹೆಸರಿನಲ್ಲಿ ಇದ್ದದ್ದು ನಾಯಿ ಮಾತ್ರ. ಟೀಚರ ಫೋನಿನಲ್ಲಿ ಫೋಟೋ ಉಳಿದಿದ್ದರಿಂದ ಮತ್ತೆ ತೆಗೆದುಕೊಂಡು, ಹೊಸ ಫ್ರೇಮು ಕಟ್ಟಿ ಕೊಟ್ಟರು.

ಆ ಸಂಜೆ ಅವನು ಅವಳಿಗೆ ಫೋನ್ ಮಾಡಿದ. "ಸೈಟಿಂದ ಏನಾದ್ರೂ ಹೀಗೆ ಆಗೋ ಸಾಧ್ಯತೆ ಇದೆಯಾ?"

"ಇಲ್ಲಪ್ಪ. ಸೈಟು ಸರಿಯಾಗಿದೆ," ಅಂದಳು ಅವಳು. ನೋಡದೆಯೇ ಅಂದಳು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ, ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಅಂದಳು. ಅವನ ಮುಂದೆ ತನ್ನ ಕೆಲಸ ಚೆನ್ನಾಗಿ ಕಾಣಲಿ ಅನ್ನುವುದೊಂದೇ ಆ ಹೊತ್ತಿಗೆ ಅವಳ ತಲೆಯಲ್ಲಿತ್ತು.

"ಹಾಗಾದ್ರೆ ಅಪ್ಪನೇ ಏನೋ ಒತ್ತಿ ಅಳಿಸಿರ್ಬೇಕು," ಅಂದ ಅವನು.

"ಇರಬಹುದು. ಹೊಸಬರಲ್ವಾ," ಅಂದಳು.

ಮತ್ತೆ ಸ್ವಲ್ಪ ದಿನಕ್ಕೆ ಇನ್ನೊಂದು. ಮಗಳು ಬರೆದ ಚಿತ್ರ ಕಳಿಸಿದ ಒಬ್ಬರಿಗೆ ಯಾರದೋ ಮದುವೆಯ ಗುಂಪು ಫೋಟೋ ಹೋಗಿತ್ತು. ಈ ಸಲ ಅವನು ಅವಳಿಗೆ ಫೋನ್ ಮಾಡಲಿಲ್ಲ. ಅವಳು ಅಂಗಡಿಗೆ ಹೋದಾಗ ಕಂಪ್ಯೂಟರಿನ ಮುಂದೆ ಅವನೇ ಕೂತಿದ್ದ. ಅಪ್ಪ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೈ ಕಟ್ಟಿಕೊಂಡು ಕೂತಿದ್ದರು. ಏಪ್ರನ್ ಗೋಡೆಯ ಮೇಲಿತ್ತು.

ಅವಳಿಗೆ ಎಲ್ಲೋ ಚುಚ್ಚಿದ ಹಾಗಾಯಿತು. ಮನೆಗೆ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡು ಕೋಡ್ ತೆರೆದಳು.

ಹುಡುಕಬೇಕಾದಷ್ಟು ಏನೂ ಇರಲಿಲ್ಲ. ಗಿರಾಕಿಯ ಫೋನು ಫೋಟೋಗೆ ಯಾವ ಹೆಸರಿಟ್ಟಿರುತ್ತದೋ, ಸೈಟು ಅದೇ ಹೆಸರಿನಲ್ಲಿ ಅದನ್ನು ಉಳಿಸುತ್ತಿತ್ತು. ಫೋನುಗಳು ಇಡುವುದು ಬರೀ ಅಂಕಿಯ ಹೆಸರು. ಎರಡು ಮನೆಯ ಫೋಟೋಗಳಿಗೆ ಒಂದೇ ಅಂಕಿ ಬಿದ್ದರೆ, ಆಮೇಲೆ ಬಂದದ್ದು ಮೊದಲು ಬಂದದ್ದನ್ನು ಅಳಿಸಿ ಅದರ ಜಾಗದಲ್ಲಿ ಕೂರುತ್ತಿತ್ತು. ಪ್ರತಿ ಫೋಟೋಗೂ ಬೇರೆ ಹೆಸರು ಕೊಡಬೇಕೆನ್ನುವುದು ಈ ಕೆಲಸಕ್ಕೆ ಹೊಸದಾಗಿ ಬಂದವರಿಗೂ ಗೊತ್ತಿರುವ ವಿಷಯ. ಅವಳಿಗೂ ಗೊತ್ತಿತ್ತು. ಸೈಟು ತೋರಿಸುವ ದಿನ ಅವನು ಕಾಯುತ್ತಿದ್ದಾನೆಂಬ ಆತುರದಲ್ಲಿ, ಆಮೇಲೆ ಮಾಡಿದರಾಯಿತು ಅಂತ ಬಿಟ್ಟಿದ್ದಳು. ಹೊಸ ಸೀರೆ ಉಡುವುದಕ್ಕೆ ಅವತ್ತು ಅವಳಿಗೆ ಸಮಯ ಸಿಕ್ಕಿತ್ತು.

ಟೀ ಆರುವಷ್ಟರಲ್ಲಿ ಸರಿಮಾಡಿದಳು. ಇನ್ನು ಮೇಲೆ ಯಾರ ಗಂಡನ ಮೇಲೂ ಯಾರ ನಾಯಿಯೂ ಕೂರುವಂತಿರಲಿಲ್ಲ. ನಾಳೆ ಹೋಗಿ ಹೇಳಿಬಿಡುತ್ತೇನೆ ಅಂದುಕೊಂಡಳು.

ಮರುದಿನ ಅವನು ಅಂಗಡಿಯ ಹಿಂಬಾಗಿಲಲ್ಲಿ, ಮರದ ಪಟ್ಟಿಗಳ ರಾಶಿಯ ಪಕ್ಕ ನಿಂತಿದ್ದ. ನಿದ್ದೆಗೆಟ್ಟ ಕಣ್ಣು.

"ಅಪ್ಪನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದೀನಿ," ಅಂದ. "ಅಮ್ಮನಿಗೂ ಹೀಗೇ ಶುರುವಾಗಿದ್ದು. ಮೊದಲು ಚಿಕ್ಕಪುಟ್ಟ ಮರೆವು. ಬೀಗ, ಕನ್ನಡಕ. ಕೊನೇಲಿ ನನ್ನನ್ನೇ, ನೀನ್ಯಾರಪ್ಪ ಅಂದ್ಲು."

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಅವಳ ಕೈ ಹಿಡಿದ. ಮೊದಲ ಸಲ. ಅಂಟಿನ ವಾಸನೆಯ, ಒರಟಾದ, ಬೆಚ್ಚಗಿನ ಕೈ.

"ಇದನ್ನ ನಿಮಗೆ ಬಿಟ್ಟು ಇನ್ಯಾರಿಗೆ ಹೇಳ್ಲಿ?" ಅಂದ.

ಅವಳು ಬಾಯಿ ಮುಚ್ಚಿಕೊಂಡಳು. ಆ ಕೈ ಹೀಗೇ ಇನ್ನೊಂದು ಗಳಿಗೆ ಇರಲಿ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಆಮೇಲೆ ಹೇಳುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತ ಹೋಯಿತು. ಅವನು ಸಂಜೆ ಅಂಗಡಿ ಮುಚ್ಚಿ ಅವಳನ್ನು ಬಸ್ಸಿನವರೆಗೆ ಬಿಡಲು ಬರತೊಡಗಿದ. ಅವಳ ಚೀಲ ತಾನೇ ಹಿಡಿದುಕೊಳ್ಳುತ್ತಿದ್ದ. ರಸ್ತೆ ದಾಟುವಾಗ ಮಾತು ನಿಲ್ಲಿಸದೆಯೇ ಅವಳನ್ನು ಒಳಮಗ್ಗುಲಿಗೆ ಮಾಡಿಕೊಳ್ಳುತ್ತಿದ್ದ. ಎಷ್ಟೋ ಸಮಯದಿಂದ ಬಯಸಿದ್ದೆಲ್ಲ ಹೀಗೆ ತಾನಾಗಿ ಬರುತ್ತಿತ್ತು, ಅವಳಿಗೆ ಅದರಲ್ಲಿ ಒಂದು ತುತ್ತೂ ಇಳಿಯುತ್ತಿರಲಿಲ್ಲ. "ನೀವಿಲ್ದಿದ್ರೆ ಈ ಸಮಯ ಹೇಗೆ ದೂಡ್ತಿದ್ನೋ," ಅಂತ ಅವನು ಅಂದಾಗ ಅವಳು ಬಸ್ ಬರುವ ದಿಕ್ಕನ್ನು ನೋಡಿದಳು.

ಅಕ್ಕನಿಗೆ ಮಾತ್ರ ಹೇಳಿದಳು. ಅಕ್ಕ ಒಣಗಿದ ಬಟ್ಟೆ ಮಡಿಸುತ್ತ ಕೇಳಿಸಿಕೊಂಡಳು.

"ತಪ್ಪು ಮಾಡಿದ್ದಕ್ಕೆ ಯಾರೂ ನಿನ್ನ ಗಲ್ಲಿಗೇರಿಸ್ತಿರ್ಲಿಲ್ಲ," ಅಂದಳು. "ಆದ್ರೆ ಅದನ್ನ ಆ ವಯಸ್ಸಾದೋರ ತಲೆಗೆ ಕಟ್ಟಿ, ಅವರ ಮಗನ ಜೊತೆ ಕೈ ಕೈ ಹಿಡ್ಕೊಂಡು ಓಡಾಡ್ತಿದೀಯಲ್ಲ, ಅದಕ್ಕೇನು ಹೇಳ್ಲಿ ನಾನು?"

"ಹೇಳಿದ್ರೆ ಅವನು ಬಿಟ್ಟು ಹೋಗ್ತಾನೆ ಅಕ್ಕ."

"ಹೋಗ್ಲಿ. ಹೇಳ್ದೇ ಇದ್ರೂ ನೀನು ಎಲ್ಲಿ ಅವನ ಜೊತೆ ಇದೀಯ? ಒಂದು ವಾರದಿಂದ ನನ್ನ ಜೊತೇನೂ ಇಲ್ಲ ನೀನು." ಮಡಿಸಿದ ಬಟ್ಟೆಯ ಗಂಟನ್ನು ತಂಗಿಯ ಮಡಿಲಿಗೆ ಹಾಕಿ ಎದ್ದು ಹೋದಳು.

ಡಾಕ್ಟರು ವಯಸ್ಸಿಗೆ ಸಹಜ ಅಂದಿದ್ದರಂತೆ, ಆದರೂ ಗಮನ ಇಟ್ಟಿರಿ ಅಂದಿದ್ದರಂತೆ. ಮಗನ ಕಿವಿಗೆ ಎರಡನೆಯ ಮಾತು ಮಾತ್ರ ಬಿದ್ದಿತ್ತು. ಅಪ್ಪನಿಗೆ ಕಂಪ್ಯೂಟರ್ ಬಿಡಿಸಿದ. ಆಮೇಲೆ ಗರಗಸ. ಗಾಜನ್ನು ಮಾತ್ರ ಅಪ್ಪ ತಾವಾಗಿಯೇ ಬಿಟ್ಟರು. "ಕೈ ನಂಬೋಕಾಗಲ್ಲ," ಅಂದರಂತೆ.

ಒಂದು ಮಧ್ಯಾಹ್ನ ಅವಳು ಹೋದಾಗ ಅವನು ಮರ ತರಲು ಹೋಗಿದ್ದ. ಅಂಗಡಿಯಲ್ಲಿ ಅಪ್ಪ ಒಬ್ಬರೇ. ಅವಳನ್ನು ಕಂಡು ಬಾಗಿಲ ಕಡೆ ಒಂದು ಸಲ ನೋಡಿ, ಹತ್ತಿರ ಬಂದರು. ದನಿ ಇಳಿಸಿ ಕೇಳಿದರು.

"ಕಂಪ್ಯೂಟರಮ್ಮ, ಒಂದು ಉಪಕಾರ ಮಾಡ್ತೀಯಾ? ಅವತ್ತು ನಾನು ಒತ್ತಿದ್ನಲ್ಲ, ಅದು ಯಾವ ಬಟನ್ನು ಅಂತ ತೋರ್ಸಮ್ಮ. ನೋಡ್ಕೋತೀನಿ. ಮತ್ತೆ ಕೈ ಅಲ್ಲಿಗೆ ಹೋಗಬಾರದಲ್ಲ."

ಅವರ ತೋರುಬೆರಳು ಕೀಬೋರ್ಡಿನ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತ್ತು. ಮುಟ್ಟಲೂ ಅಂಜಿ.

ಅವಳಿಗೆ ಆ ಬೆರಳನ್ನು ನೋಡಲಾಗಲಿಲ್ಲ.

"ನೀವು ಏನೂ ಒತ್ತಿಲ್ಲ," ಅಂದಳು. "ತಪ್ಪು ನನ್ನದು. ಒಂದೇ ಹೆಸರಿನ ಎರಡು ಫೋಟೋ ಬಂದ್ರೆ ಒಂದು ಅಳಿಸಿ ಹೋಗೋ ಹಾಗೆ ಬರೆದಿದ್ದೆ ನಾನು. ಎರಡು ಸಲಾನೂ ಆಗಿದ್ದು ಅದೇ."

ಅವರು ಬೆರಳನ್ನು ಹಿಂದಕ್ಕೆ ತೆಗೆದರು. "ಹಾಗಾದ್ರೆ ನಾನು ಒತ್ತಿಲ್ಲ?"

"ಇಲ್ಲ."

"ಖಂಡಿತ?"

"ಖಂಡಿತ."

ಅವರು ಸ್ಟೂಲಿಗೆ ಹೋಗಿ ಕೂತರು. ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮೇಲ್ಮುಖ ಮಾಡಿಟ್ಟುಕೊಂಡು ನೋಡಿದರು. ಆಮೇಲೆ ಕೇಳಿದರು, "ನಿನಗೆ ಗೊತ್ತಾಗಿ ಎಷ್ಟು ಕಾಲ ಆಯ್ತು?"

ಇದನ್ನು ಕೇಳದಿದ್ದರೆ ಸಾಕು ಅಂದುಕೊಂಡಿದ್ದಳು. "ನಿಮ್ಮನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗೋ ಮುಂಚೆ ಗೊತ್ತಾಯ್ತು."

ಅವರು ಬೈಯಲಿಲ್ಲ. "ಬೆಳಿಗ್ಗೆ ಎದ್ದ ಕೂಡಲೇ ನಾನು ಮೊದಲು ಏನು ಮಾಡ್ತಿದ್ದೆ ಗೊತ್ತಾ?" ಅಂದರು. "ಮಗನ ಹೆಸರು ಹೇಳ್ಕೊಂಡು ನೋಡ್ತಿದ್ದೆ. ನೆನಪಿದೆಯೋ ಇಲ್ವೋ ಅಂತ. ಅದು ಬಾಯಿಗೆ ಬಂದ ಮೇಲೇನೇ ಕಾಲು ಕೆಳಗಿಡ್ತಿದ್ದೆ."

ಅವಳು ಗೋಡೆಗೆ ಒರಗಿ ಅತ್ತಳು. ಅವರು ಸಮಾಧಾನ ಮಾಡಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಹೀಗಿರುವಾಗಲೇ ಅವನು ಮರದ ಪಟ್ಟಿಗಳನ್ನು ಹೊತ್ತು ಒಳಗೆ ಬಂದ. ಅಪ್ಪ ಏನಾದರೂ ಹೇಳುವ ಮುಂಚೆ ಅವಳೇ ಎಲ್ಲವನ್ನೂ ಹೇಳಿದಳು. ಹಿಂಬಾಗಿಲಲ್ಲಿ ಕೈ ಹಿಡಿದ ದಿನ ಹೇಳಲೆಂದೇ ಬಂದಿದ್ದೆ, ಹೇಳಲಿಲ್ಲ, ಅನ್ನುವುದನ್ನೂ ಬಿಡಲಿಲ್ಲ.

ಅವನು ಪಟ್ಟಿಗಳನ್ನು ಕೆಳಗಿಳಿಸಿದ. ಒಂದೊಂದಾಗಿ ಗೋಡೆಗೆ ಒರಗಿಸಿದ.

"ನನ್ನ ಅಮ್ಮನ ಕಥೆ ಕೇಳಿದ ಮೇಲೂ ನೀನು ಸುಮ್ನಿದ್ದೆ," ಅಂದ.

ಮೊದಲ ಸಲ 'ನೀನು' ಅಂದಿದ್ದ. ಆ 'ನೀನು' ಯಾವತ್ತು ಬರುತ್ತದೋ ಎಂದು ಅವಳು ಎಷ್ಟೋ ಸಂಜೆ ಕಾದಿದ್ದಳು. ಬಂದದ್ದು ಹೀಗೆ.

"ನಿಮ್ಮನ್ನ ಕಳ್ಕೊಳ್ಳೋಕೆ ಹೆದರಿದೆ," ಅಂದಳು. "ಅದು ಕಾರಣ, ಸಮರ್ಥನೆ ಅಲ್ಲ."

"ಈಗ ಹೋಗು," ಅಂದ ಅವನು.

ಅವಳು ಹೋದಳು. ಬಸ್ಸಿನವರೆಗೆ ಚೀಲ ತಾನೇ ಹಿಡಿದುಕೊಂಡು.

ಮನೆಯಲ್ಲಿ ಕೂತು ಅಳುವುದರಿಂದ ಯಾರಿಗೂ ಏನೂ ಆಗುವುದಿಲ್ಲವೆಂದು ಗೊತ್ತಾದ ಮೇಲೆ ಅವಳು ಎದ್ದು ಟೀಚರ ಮನೆ ಹುಡುಕಿಕೊಂಡು ಹೋದಳು. ಹಾಲ್‌ನಲ್ಲಿ ಅವರ ಗಂಡ, ದಪ್ಪ ಮೀಸೆಯ ಮನುಷ್ಯ, ಗೋಡೆಯ ಮೇಲಿದ್ದರು. ಅಂಗಡಿಯ ಹಿರಿಯರ ಮೇಲೆ ಬಂದ ತಪ್ಪು ತನ್ನದು ಅಂತ ಹೇಳಿದಳು.

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನಾಯಿಯೇನೋ ಮುದ್ದಾಗಿತ್ತಮ್ಮ," ಅಂದರು. "ಆದ್ರೆ ಇವರು ನಾಯಿ ಕಂಡ್ರೆ ಬೀದಿ ಬದಲಾಯಿಸ್ತಿದ್ರು. ಅವರ ಜಾಗಕ್ಕೆ ಅದೇ ಬಂದು ಕೂತಿದೆ ಅಂದಾಗ ಅಳು ಬಂತು, ಆಮೇಲೆ ಮನೇಲಿ ಒಬ್ಳೇ ಕೂತು ನಗೂನೂ ಬಂತು. ಅವರು ಹೋದ ಮೇಲೆ ನಕ್ಕಿದ್ದು ಅದೇ ಮೊದಲು." ಕನ್ನಡಕ ಮತ್ತೆ ಹಾಕಿಕೊಂಡು ಕೇಳಿದರು, "ಆ ಮುದುಕರಿಗೆ ಹೇಳಿದ್ಯಾ?"

"ಹೇಳಿದೆ. ತಡವಾಗಿ."

"ಹಾಗಾದ್ರೆ ನನ್ನ ಹತ್ರ ಬಂದು ಕ್ಷಮೆ ಕೇಳಿ ಹಗುರ ಮಾಡ್ಕೋಬೇಡ. ಅಲ್ಲಿ ಹೋಗಿ ಕೆಲಸ ಮಾಡು."

ಅಂಗಡಿಗೆ ಹೋಗುವ ಧೈರ್ಯ ಅವಳಿಗೆ ಬರಲಿಲ್ಲ. ಸೈಟಿಗೆ ಬಂದಿದ್ದ ಅಷ್ಟೂ ಫೋಟೋಗಳ ಲೆಕ್ಕವನ್ನು ಮನೆಯಲ್ಲೇ ಕೂತು ನೋಡಿದಳು. ಅಳಿಸಿಹೋದವು ಇನ್ನೂ ಕೆಲವು ಇದ್ದವೆಂದು ಗೊತ್ತಾಯಿತು. ಆ ಗಿರಾಕಿಗಳಿಗೆ ತಾನೇ ಫೋನ್ ಮಾಡಿ, ತಪ್ಪು ಒಪ್ಪಿಕೊಂಡು, ಮತ್ತೆ ಫೋಟೋ ತರಿಸಿದಳು. ಒಬ್ಬರು ಚೆನ್ನಾಗಿ ಬೈದರು. ಬೈಸಿಕೊಂಡಳು.

ಒಂದು ಬೆಳಿಗ್ಗೆ ಅವನ ಅಪ್ಪನ ಫೋನ್ ಬಂತು. "ಕಂಪ್ಯೂಟರಮ್ಮ, ಸೈಟು ಕೆಟ್ಟಿದೆ. ಬಂದು ನೋಡು."

ಓಡಿಬಂದು ನೋಡಿದರೆ ಸೈಟಿಗೆ ಏನೂ ಆಗಿರಲಿಲ್ಲ.

"ಸರಿಯಾಗೇ ಇದೆಯಲ್ಲ," ಅಂದಳು.

"ಹೌದಾ? ಹಾಗಾದ್ರೆ ಕೆಟ್ಟಿರೋದು ಇವನೇ ಇರಬೇಕು," ಅಂತ ಮಗನ ಕಡೆ ಗದ್ದ ತೋರಿಸಿದರು. ಅವರು ಏಪ್ರನ್ ಕಟ್ಟಿಕೊಂಡಿದ್ದರು. "ಊಟ ಬಿಟ್ಟಿದಾನೆ. ನನ್ನ ಮುಖ ನೋಡಿ ಮಾತಾಡಲ್ಲ. ನನಗೆ ಸಾಕಾಗಿದೆ. ನಾನು ನಿನ್ನ ಮೇಲಿನ ಸಿಟ್ಟನ್ನ ಪೂರ್ತಿ ಬಿಟ್ಟಿಲ್ಲ, ನೆನಪಿಟ್ಕೋ. ಆದ್ರೆ ಫೋನ್ ಮಾಡಿ ಕರೆಯೋಷ್ಟು ಬಿಟ್ಟಿದೀನಿ." ಹೀಗೆಂದು ಮುಂದಿನ ಬಾಗಿಲ ಕಡೆಗೆ ಹೋಗಿ, ಗಾಜಿನ ಹಾಳೆ ಒರೆಸತೊಡಗಿದರು.

ಅವನು ಮೇಜಿನ ಆಚೆ ನಿಂತಿದ್ದ. ಗಡ್ಡ ಬೆಳೆದಿತ್ತು.

"ಮೊದಲನೇ ಸಲ ಟೀಚರ್ ಬಂದು ಹೋದ ದಿನ," ಅಂದ ಅವನು, ಅವಳನ್ನು ನೋಡದೆ, "ಅಪ್ಪ ನನಗೆ ಹೇಳಿದ್ರು. ನಾನು ಏನೂ ಒತ್ತಿಲ್ಲ ಕಣೋ, ಅಂತ. ಒಂದೇ ಸಲ ಹೇಳಿದ್ರು. ನಾನು ನಂಬಲಿಲ್ಲ. ಅಮ್ಮನ ಹಾಗೆ ಆಗ್ತಿದೆ ಅಂತ ಹೆದರಿ, ಅವರ ಮಾತನ್ನೇ ಕೇಳಿಸ್ಕೊಳ್ಳೋದು ಬಿಟ್ಟೆ. ಗರಗಸ ಕಿತ್ಕೊಂಡೆ. ನೀನು ಕೋಡಲ್ಲಿ ತಪ್ಪು ಮಾಡಿದೆ. ನಾನು ಅಪ್ಪನ್ನ ಹುಚ್ಚನ ಹಾಗೆ ನೋಡಿದೆ."

"ನಾನು ಬಾಯಿ ಬಿಟ್ಟಿದ್ರೆ ನೀವು ಹಾಗೆ ನೋಡ್ತಿರ್ಲಿಲ್ಲ."

"ಅದೂ ಹೌದು." ಈಗ ಅವಳನ್ನು ನೋಡಿದ. "ಇಷ್ಟು ದಿನ ನಿನ್ನನ್ನ ಮನಸಲ್ಲೇ ಬೈತಿದ್ದೆ. ಬೈದಷ್ಟು ಹೊತ್ತು ನನ್ನನ್ನ ನಾನು ಬೈಕೊಳ್ಳೋದು ತಪ್ತಿತ್ತು. ಅಷ್ಟೇ."

ಅವಳು ಕ್ಷಮಿಸಿ ಅನ್ನುವ ಮಾತನ್ನು ಇಷ್ಟು ಜನಕ್ಕೆ ಹೇಳಿದ್ದಳು, ಇವನಿಗೆ ಹೇಳಲು ಅದು ಚಿಕ್ಕದೆನಿಸಿತು.

"ಕೋಪ ಇನ್ನೂ ಇದೆ ನನಗೆ," ಅಂದ.

"ಗೊತ್ತು."

"ಬೇಗ ಹೋಗಲ್ಲ ಅನ್ಸತ್ತೆ."

"ಹೋಗೋದು ಬೇಡ. ನನಗೂ ನನ್ನ ಮೇಲೆ ಹೋಗಲ್ಲ."

ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆದ. ಕಿವಿಯ ತುದಿ ಮೆಲ್ಲಗೆ ಬಣ್ಣ ತಿರುಗಿತು. "ಕೋಪ ಇಟ್ಕೊಂಡೇ ಮದುವೆ ಆಗ್ಬಹುದಾ? ಆಗಬಾರದು ಅಂತ ಏನಾದ್ರೂ ಇದೆಯಾ?"

ಅವಳಿಗೆ ಸಂತೋಷ ಬಂತು, ಅದರ ಬೆನ್ನಿಗೇ ಇದು ತನಗೆ ತಕ್ಕದ್ದಲ್ಲ ಅನ್ನುವುದೂ ಬಂತು. ಎರಡೂ ಹೋಗಲಿಲ್ಲ. ಎರಡನ್ನೂ ಇಟ್ಟುಕೊಂಡೇ ಉತ್ತರ ಕೊಡಬೇಕಾಗಿತ್ತು.

"ನಾನು ಇನ್ನೂ ತಪ್ಪು ಮಾಡ್ತೀನಿ," ಅಂದಳು. "ಆದ್ರೆ ಗೊತ್ತಾದ ದಿನಾನೇ ಹೇಳ್ತೀನಿ. ನಿಮ್ಮ ಕೈ ಹಿಡ್ಕೊಂಡಿದ್ರೂ ಬಿಡಿಸ್ಕೊಂಡು ಹೇಳ್ತೀನಿ."

"ಬಿಡಿಸ್ಕೊಳ್ದೇ ಹೇಳು," ಅಂದ ಅವನು, ಮೇಜಿನ ಈಚೆ ಬಂದು ಅವಳ ಕೈ ಹಿಡಿದು.

ಅದೇ ಹೊತ್ತಿಗೆ ಬಾಗಿಲಲ್ಲಿ ಯಾರೋ ಗಿರಾಕಿ ಬಂದರು, ಮೊಬೈಲ್ ಹಿಡಿದುಕೊಂಡು. ತಮಗೆ ಈ ವೆಬ್‌ಸೈಟೆಲ್ಲ ಬರುವುದಿಲ್ಲ, ಫೋಟೋ ಹಾಕಲು ಯಾರಾದರೂ ಸಹಾಯ ಮಾಡಬೇಕು ಅಂದರು. ಒಳಗಿದ್ದವರಿಬ್ಬರೂ ಕೈ ಬಿಟ್ಟು ಆ ಕಡೆ ತಿರುಗುವಷ್ಟರಲ್ಲಿ ಅವನ ಅಪ್ಪ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಾಗಿತ್ತು.

"ಅವರಿಬ್ಬರಿಗೂ ಕೆಲಸ ಇದೆ. ಕೊಡಿ ಇಲ್ಲಿ," ಅಂದರು. "ನಾನೇ ಹಾಕ್ತೀನಿ."

ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದು ಕೂತು, ಮೊಬೈಲನ್ನು ವೈರಿನಿಂದ ಜೋಡಿಸಿ, ಬೆರಳನ್ನು ಬಟನ್ನಿನ ಮೇಲೆ ಇಟ್ಟು, ಒತ್ತಿದರು.